ಹೆಸರು ನುಂಗಿದ ಪ್ರಶ್ನೆಚಿಹ್ನೆ

ಸಹಕಾರ ಸಂಘದ ಕಿಟಕಿಯಿಂದ ಹೊರಬಂದ ರಸೀದಿಯನ್ನು ಗೌಡರು ಎರಡು ಕೈಗಳಿಂದಲೂ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ, ಬೆಳಕಿಗೆ ಒಡ್ಡಿ ನೋಡುತ್ತಾರೆ. ಸಾಲದ ಮೊತ್ತ ಸರಿಯಾಗಿದೆ, ಬಡ್ಡಿಯ ಲೆಕ್ಕ ಪೈಸೆಯವರೆಗೂ ಸರಿಯಾಗಿದೆ, ತಾರೀಖೂ ಇಂದಿನದೇ. ಆದರೆ ‘ಸದಸ್ಯರ ಹೆಸರು’ ಎಂದಿರುವೆಡೆ ಒಂಬತ್ತು ಪ್ರಶ್ನೆಚಿಹ್ನೆಗಳು ಸಾಲಾಗಿ ಕುಕ್ಕರಿಸಿವೆ.

“ಸ್ವಾಮಿ, ನನ್ ಹೆಸ್ರೆಲ್ಲಿ?”

“ಅದೇ ನಿಮ್ ಹೆಸ್ರು ಗೌಡ್ರೆ. ಕಂಪ್ಯೂಟ್ರು ಹಂಗೇ ತೋರಿಸ್ತದೆ.”

“ಅಂದ್ರೆ ನಾನು ಯಾರು ಅಂತ ಅದನ್ನೇ ಕೇಳ್ತಾ ಐತಾ?”

ಗುಮಾಸ್ತ ನಗುತ್ತಾನೆ. ಸರದಿಯಲ್ಲಿ ನಿಂತವರೂ ನಗುತ್ತಾರೆ. ಗೌಡರು ಮಾತ್ರ ನಗುವುದಿಲ್ಲ. ನಾಳೆ ಸಾಲ ತೀರಿದ ಮೇಲೆ, ತೀರಿಸಿದವನು ತಾನೇ ಎಂದು ಸಾಧಿಸಲು ಈ ಕಾಗದವೊಂದೇ ಆಧಾರವೆಂಬುದನ್ನು ಅವರು ಬಲ್ಲರು.

ಈ ಗೌಡರು ಕಲ್ಪಿತರು, ಸಂಘವೂ ಕಲ್ಪಿತವೇ. ಪ್ರಸಂಗ ಮಾತ್ರ ಕಲ್ಪಿತವಲ್ಲ. ಕನ್ನಡದ ಹೆಸರುಗಳನ್ನು ಲೆಡ್ಜರಿನ ಹಾಳೆಯಿಂದ ಎತ್ತಿ ಗಣಕಯಂತ್ರದ ಉಗ್ರಾಣಕ್ಕೆ, ಅಂದರೆ ಡೇಟಾಬೇಸಿಗೆ, ತುಂಬುವ ಕಾರ್ಯ ಆರಂಭವಾದಂದಿನಿಂದ ಶಾಲೆ, ಕಚೇರಿ, ಬ್ಯಾಂಕು ಎಂಬ ಭೇದವಿಲ್ಲದೆ ಎಷ್ಟೋ ಕಡೆಗಳಲ್ಲಿ ಇಂತಹ ಪ್ರಶ್ನೆಚಿಹ್ನೆಗಳ ಸಾಲು ಕಾಣಿಸಿಕೊಂಡಿದೆ. ‘ಫಾಂಟ್ ಇಲ್ಲ, ಹಾಕಿಸಿದರೆ ಸರಿಹೋಗುತ್ತದೆ’ ಎಂಬ ಸಮಾಧಾನದ ಮಾತು ಅದರ ಹಿಂದೆಯೇ ಕೇಳಿಬರುತ್ತದೆ. ಆ ಸಮಾಧಾನ ಹುಸಿ. ಫಾಂಟ್ ಇಲ್ಲದಿದ್ದರೆ ಅಕ್ಷರದ ಸ್ಥಾನದಲ್ಲಿ ಬರಿಯ ಚೌಕಗಳು ಕಾಣುತ್ತವೆ. ಫಾಂಟ್ ಬಂದೊಡನೆ ಅಕ್ಷರಗಳೂ ಬರುತ್ತವೆ. ಪ್ರಶ್ನೆಚಿಹ್ನೆ ಬಿದ್ದಿದೆಯೆಂದರೆ ಉಗ್ರಾಣದೊಳಗೆ ಗೌಡರ ಹೆಸರು ಈಗ ಇಲ್ಲವೇ ಇಲ್ಲ. ಅದು ಹೋದದ್ದು ಇಂದು ರಸೀದಿ ಅಚ್ಚಾಗುವಾಗಲೂ ಅಲ್ಲ. ಎಂದೋ ಒಂದು ದಿನ, ಹೆಸರನ್ನು ಒಳಗೆ ಸೇರಿಸಿದ ಆ ಕ್ಷಣದಲ್ಲಿಯೇ.

ಅಕ್ಷರಕ್ಕೊಂದು ಅಂಕಿ

ಗಣಕಯಂತ್ರಕ್ಕೆ ಅಕ್ಷರಜ್ಞಾನವಿಲ್ಲ. ಇಷ್ಟು ದೊಡ್ಡ ಪಂಡಿತನಿಗೆ ಓನಾಮವೂ ಬಾರದೆಂದರೆ ನಗು ಬರಬಹುದು. ಆದರೆ ಮಾತು ನಿಜ. ಅದು ಬಲ್ಲುದು ಅಂಕಿಗಳನ್ನು ಮಾತ್ರ. ಅದರ ಸ್ಮರಣೆಯ ಅತ್ಯಂತ ಚಿಕ್ಕ ಗೂಡಿಗೆ ಬೈಟ್ ಎಂದು ಹೆಸರು. ಒಂದು ಗೂಡಿನಲ್ಲಿ ೦ಯಿಂದ ೨೫೫ರವರೆಗಿನ ಒಂದು ಸಂಖ್ಯೆ ಹಿಡಿಯುತ್ತದೆ. ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಸಲ್ಲಬೇಕೆಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ.

೧೯೬೩ರಲ್ಲಿ ಅಮೆರಿಕದಲ್ಲಿ ಆದ ಇಂತಹ ಒಪ್ಪಂದಕ್ಕೆ ಆಸ್ಕಿ ಎಂದು ಹೆಸರು. ಅದರಲ್ಲಿದ್ದುದು ೧೨೮ ಸ್ಥಾನಗಳು. ಇಂಗ್ಲಿಷಿನ ಮೊದಲ ದೊಡ್ಡಕ್ಷರ ‘ಎ’ಗೆ ೬೫; ಪ್ರಶ್ನೆಚಿಹ್ನೆಗೆ ೬೩. ಈ ೬೩ನ್ನು ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು. ಕಥೆಯ ಖಳನಾಯಕ ಅದೇ. ಉಳಿದ ೧೨೮ ಸ್ಥಾನಗಳನ್ನು ಪಶ್ಚಿಮ ಯೂರೋಪಿನವರು ತಮ್ಮ ಓರೆಗೆರೆ, ಜೋಡಿಚುಕ್ಕೆಗಳ ಅಕ್ಷರಗಳಿಂದ ತುಂಬಿಕೊಂಡರು. ಅದು ಲ್ಯಾಟಿನ್-೧. ಭಾರತದಲ್ಲಿ ಅದೇ ಮೇಲರ್ಧವನ್ನು ಭಾರತೀಯ ಲಿಪಿಗಳಿಗೆ ಮೀಸಲಿಟ್ಟ ಇಸ್ಕಿ ಎಂಬ ಪದ್ಧತಿ ೧೯೯೧ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಹೀಗೆ ೨೨೪ ಎಂಬ ಒಂದೇ ಸಂಖ್ಯೆ ಒಂದು ದೇಶದಲ್ಲಿ ಒಂದು ಅಕ್ಷರವಾಗಿ, ಇನ್ನೊಂದು ದೇಶದಲ್ಲಿ ಇನ್ನೊಂದಾಗಿ ಓದಿಸಿಕೊಳ್ಳುತ್ತಿತ್ತು.

ಲೋಕದ ಎಲ್ಲ ಲಿಪಿಗಳ ಎಲ್ಲ ಅಕ್ಷರಗಳಿಗೂ, ಒಂದರದು ಇನ್ನೊಂದಕ್ಕೆ ತಗಲದಂತೆ, ಬೇರೆ ಬೇರೆ ಸಂಖ್ಯೆ ಕೊಡಬೇಕೆಂಬ ಪ್ರಸ್ತಾವವನ್ನು ೧೯೮೮ರಲ್ಲಿ ಜೆರಾಕ್ಸ್ ಕಂಪೆನಿಯ ಜೋ ಬೆಕರ್ ಮುಂದಿಟ್ಟನು. ೧೯೯೧ರಲ್ಲಿ ಅದರ ಮೊದಲ ಸಂಪುಟ ಹೊರಬಂದಿತು. ಇದೇ ಯೂನಿಕೋಡ್. ಅದರಲ್ಲಿ ಕನ್ನಡದ ಓಣಿ ೩೨೦೦ರಿಂದ ೩೩೨೭ರವರೆಗೆ, ಒಟ್ಟು ೧೨೮ ಮನೆಗಳು. ಕೆಲವು ಇಂದಿಗೂ ಖಾಲಿ. ‘ಕ’ ಅಕ್ಷರದ ಮನೆ ಸಂಖ್ಯೆ ೩೨೨೧.

ಆದರೆ ೨೫೫ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದ ಗೂಡಿನಲ್ಲಿ ೩೨೨೧ನ್ನು ಇಡುವುದೆಂತು? ೧೯೯೨ರ ಸೆಪ್ಟೆಂಬರಿನ ಒಂದು ಸಂಜೆ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬಿಬ್ಬರು ನ್ಯೂಜೆರ್ಸಿಯ ಉಪಾಹಾರಗೃಹವೊಂದರಲ್ಲಿ ಊಟಕ್ಕೆ ಕುಳಿತಾಗ, ತಟ್ಟೆಯಡಿಯ ಕಾಗದದ ಮೇಲೆ ಇದಕ್ಕೊಂದು ಉಪಾಯ ಬರೆಯಲ್ಪಟ್ಟಿತು. ಆಸ್ಕಿಯ ಅಕ್ಷರಗಳು ಮೊದಲಿನಂತೆ ಒಂದೊಂದೇ ಗೂಡಿನಲ್ಲಿ ಇರತಕ್ಕದ್ದು. ದೊಡ್ಡ ಸಂಖ್ಯೆಗಳನ್ನು ಎರಡು, ಮೂರು, ನಾಲ್ಕು ಗೂಡುಗಳಿಗೆ ಹಂಚತಕ್ಕದ್ದು. ಇದೇ ಯುಟಿಎಫ್-೮. ಈ ಕ್ರಮದಲ್ಲಿ ‘ಕ’ ಎಂಬುದು ೨೨೪, ೧೭೮, ೧೪೯ ಎಂಬ ಮೂರು ಬೈಟುಗಳಾಗಿ ಉಗ್ರಾಣ ಸೇರುತ್ತದೆ. ಇಂಗ್ಲಿಷಿಗೆ ಒಂದು, ಕನ್ನಡಕ್ಕೆ ಮೂರು ಎಂಬ ಲೆಕ್ಕ ನ್ಯಾಯವೇ ಎಂದು ಕೇಳುವವರುಂಟು. ಮೊದಲು ಬಂದವರು ಮುಂದಿನ ಸಾಲಿನಲ್ಲಿ ಕುಳಿತರು, ಅಷ್ಟೆ. ಜಗಲಿಯ ಮೇಲಾದರೂ ಸ್ಥಳ ಸಿಕ್ಕಿತಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಮೊಳೆಯ ಕೇಸಿನ ಮೋಸ

ಯೂನಿಕೋಡ್ ಊರೂರಿಗೆ ತಲುಪುವ ಮೊದಲು ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲ. ಅಚ್ಚುಕೂಟವನ್ನು ಕಂಡವರಿಗೆ ಅಂದಿನ ಉಪಾಯ ಥಟ್ಟನೆ ತಿಳಿಯುತ್ತದೆ. ಮೊಳೆ ಜೋಡಿಸುವವನ ಮುಂದೆ ಇಂಗ್ಲಿಷಿನ ಕೇಸು ಇದೆ. ಒಂದೊಂದು ಖಾನೆಯ ಮೇಲೂ ಇಂಗ್ಲಿಷ್ ಅಕ್ಷರದ ಚೀಟಿ. ಚೀಟಿಗಳನ್ನು ಹಾಗೆಯೇ ಬಿಟ್ಟು, ಒಳಗಿನ ಮೊಳೆಗಳನ್ನು ಮಾತ್ರ ಸುರಿದು, ಅಲ್ಲಿ ಕನ್ನಡದ ಮೊಳೆಗಳನ್ನು ತುಂಬಿದರೆ? ಅಚ್ಚಾಗಿ ಬರುವುದು ಕನ್ನಡವೇ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇದನ್ನೇ ಮಾಡಿದವು. ಕನ್ನಡದ ಪುಸ್ತಕ, ಪತ್ರಿಕೆ, ಸರ್ಕಾರಿ ಕಾಗದಪತ್ರಗಳು ಗಣಕದಲ್ಲಿ ಮೂಡಲು ಅವುಗಳಿಂದಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಕಾಲಕ್ರಮದಲ್ಲಿ ಎರಡೂ ಯೂನಿಕೋಡಿಗೆ ಹೊರಳಿದವು.

ಆದರೆ ಹಳೆಯ ಕ್ರಮದಲ್ಲಿ ಉಗ್ರಾಣಕ್ಕೆ ಹೋದದ್ದು ಖಾನೆಯ ಚೀಟಿಯೇ ಹೊರತು ಮೊಳೆಯಲ್ಲ. ಗೌಡರ ಹೆಸರೆಂದು ಒಳಗೆ ಕುಳಿತದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲು. ಆ ಫಾಂಟಿನ ಕನ್ನಡಿಯಲ್ಲಿ ನೋಡಿದರೆ ಕನ್ನಡ. ಕನ್ನಡಿ ತೆಗೆದರೆ ಬರಿಯ ಗೊಂದಲ. ಹಾಗಿದ್ದರೂ ಒಳಗಿನ ಅಂಕಿಗಳು ಕೆಟ್ಟಿಲ್ಲ. ಯಾವ ಫಾಂಟಿನಲ್ಲಿ ಬರೆದದ್ದೆಂದು ತಿಳಿದರೆ ಪರಿವರ್ತಕಗಳ ಮೂಲಕ ಅದನ್ನು ಯೂನಿಕೋಡಿಗೆ ತರಬಹುದು. ಕಾಣುವುದು ಕೆಡುವುದು ಬೇರೆ, ಇರುವುದು ಕೆಡುವುದು ಬೇರೆ. ಈ ಭೇದವೇ ಮುಂದಿನ ಕಥೆಗೆಲ್ಲ ಕೀಲಿಕೈ.

ಮೂರು ಬಾಗಿಲುಗಳು

ಹೆಸರೊಂದು ಉಗ್ರಾಣ ಸೇರಲು ಮೂರು ಬಾಗಿಲುಗಳನ್ನು ದಾಟಬೇಕು. ಗುಮಾಸ್ತನು ಟೈಪು ಮಾಡುವ ತಂತ್ರಾಂಶ ಮೊದಲನೆಯದು. ಆ ತಂತ್ರಾಂಶದಿಂದ ಡೇಟಾಬೇಸಿಗೆ ಹೋಗುವ ದಾರಿ ಎರಡನೆಯದು; ಇಲ್ಲಿ ‘ನಾನು ಕಳುಹಿಸುತ್ತಿರುವುದು ಇಂತಹ ಸಂಕೇತಪದ್ಧತಿಯ ಅಕ್ಷರಗಳು’ ಎಂದು ಮೊದಲೇ ಘೋಷಿಸಬೇಕು. ಒಳಗಿನ ಕಪಾಟು, ಎಂದರೆ ಹೆಸರು ಕೂರುವ ಅಂಕಣ, ಮೂರನೆಯದು. ಅದಕ್ಕೂ ತನ್ನದೇ ಆದ ಪದ್ಧತಿಯೊಂದನ್ನು ಗೊತ್ತುಮಾಡಲಾಗಿರುತ್ತದೆ. ಮೂರೂ ಒಂದೇ ಮಾತನಾಡಿದರೆ ಗೌಡರು ಗೌಡರಾಗಿಯೇ ಒಳಗೆ ಹೋಗುತ್ತಾರೆ.

ಲೋಕದಲ್ಲಿ ಬಹಳ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ತವರು ಸ್ವೀಡನ್. ತವರಿನ ಅಭಿಮಾನವೋ ಏನೋ, ಬೇರೆ ಏನನ್ನೂ ಹೇಳದಿದ್ದರೆ ಕಪಾಟು ಲ್ಯಾಟಿನ್-೧ರದು, ಅಕಾರಾದಿಯ ಕ್ರಮ ಸ್ವೀಡಿಷ್ ಭಾಷೆಯದು ಎಂಬುದು ಬಹುಕಾಲ ಅದರ ನಿಯಮವಾಗಿತ್ತು. ೨೦೧೮ರ ೮.೦ ಆವೃತ್ತಿಯಲ್ಲಿಯೇ ಆ ನಿಯಮ ಬದಲಾದದ್ದು. ಯಾರೂ ಏನನ್ನೂ ಹೇಳದೆ ಬಿಟ್ಟ ಕಡೆಗಳಲ್ಲಿ ಕನ್ನಡದ ಹೆಸರುಗಳು ಇಷ್ಟು ವರ್ಷ ಸ್ವೀಡನ್ನಿನ ಕಪಾಟಿನಲ್ಲಿ ಮಲಗಿದ್ದವೆಂದಾಯಿತು.

ಇನ್ನು ವಿಚಿತ್ರವನ್ನು ಗಮನಿಸಬೇಕು. ತಂತ್ರಾಂಶವು ಕನ್ನಡವನ್ನು ಯುಟಿಎಫ್-೮ರಲ್ಲಿ ಕಳುಹಿಸುತ್ತದೆ. ದಾರಿಯಲ್ಲಿ ‘ಇದು ಯುಟಿಎಫ್-೮’ ಎಂದು ನಿಜವನ್ನೇ ನುಡಿಯುತ್ತದೆ. ಆದರೆ ಕಪಾಟು ಲ್ಯಾಟಿನ್-೧. ಡೇಟಾಬೇಸು ವಿಧೇಯ ಸೇವಕನಂತೆ ಒಂದೊಂದು ಅಕ್ಷರವನ್ನೂ ಲ್ಯಾಟಿನ್ನಿಗೆ ಪರಿವರ್ತಿಸಲು ಹೊರಡುತ್ತದೆ. ‘ತ’ ಲ್ಯಾಟಿನ್ನಿನಲ್ಲಿ ಉಂಟೆ? ಇಲ್ಲ. ಹಾಗಾದರೆ ೬೩. ‘ಮ’ ಉಂಟೆ? ಇಲ್ಲ. ೬೩. ಒಂದೊಂದು ಅಕ್ಷರವನ್ನೂ ಎಸೆದು ಅದರ ಸ್ಥಾನದಲ್ಲಿ ಒಂದೊಂದು ಪ್ರಶ್ನೆಚಿಹ್ನೆಯನ್ನು ನೆಟ್ಟು, ‘ಕೆಲಸ ಮುಗಿಯಿತು’ ಎಂದು ವರದಿ ಒಪ್ಪಿಸುತ್ತದೆ. ಎಚ್ಚರಿಕೆಯ ಸಣ್ಣ ಮಾತೊಂದನ್ನು ಅದು ಆಡುವುದುಂಟು, ಕೇಳುವವರಿಲ್ಲ. ಇಂತಹ ಸಂದರ್ಭದಲ್ಲಿ ಕೆಲಸವನ್ನೇ ನಿಲ್ಲಿಸಿ ತಕರಾರು ಹೂಡುವ ಕಟ್ಟುನಿಟ್ಟಿನ ಕ್ರಮ ತಾನಾಗಿಯೇ ಜಾರಿಗೆ ಬಂದದ್ದು ೨೦೧೫ರ ೫.೭ ಆವೃತ್ತಿಯಿಂದ.

ಮೈಕ್ರೋಸಾಫ್ಟ್ ಕಂಪೆನಿಯ ಎಸ್‌ಕ್ಯೂಎಲ್ ಸರ್ವರಿನಲ್ಲಿ ಸಂಕಟ ಇನ್ನೂ ಸೂಕ್ಷ್ಮ. ಅಲ್ಲಿ ಎನ್‌ವಾರ್‌ಚಾರ್ ಎಂಬ ಜಾತಿಯ ಕಪಾಟು ಯೂನಿಕೋಡನ್ನು ಹಿಡಿಯುತ್ತದೆ. ಆದರೆ ಸೇರಿಸುವ ಆಜ್ಞೆಯಲ್ಲಿ ಹೆಸರನ್ನು ಉದ್ಧರಣಚಿಹ್ನೆಗಳ ನಡುವೆ ನೇರವಾಗಿ ಬರೆದಾಗ ಅದರ ಹಿಂದೆ ‘ಎನ್’ ಎಂಬ ಒಂದು ಇಂಗ್ಲಿಷ್ ಅಕ್ಷರವನ್ನು ಹಚ್ಚಬೇಕು. ಅದನ್ನು ಮರೆತರೆ ಹೆಸರು ಕಪಾಟಿನ ಬಾಗಿಲಿಗೆ ಬರುವ ಮೊದಲೇ ಹಳೆಯ ಸಂಕೇತಪಟ್ಟಿಗೆ ಇಳಿದು, ಆ ಪಟ್ಟಿಯಲ್ಲಿ ಕನ್ನಡ ಇಲ್ಲವಾದ್ದರಿಂದ, ಪ್ರಶ್ನೆಚಿಹ್ನೆಗಳಾಗಿಬಿಡುತ್ತದೆ. ಕಪಾಟು ವಿಶಾಲವಾಗಿಯೇ ಇದೆ. ಬಂದವರು ದಾರಿಯಲ್ಲಿಯೇ ಸತ್ತಿದ್ದಾರೆ. ಒಂದು ಅಕ್ಷರದ ಮರೆವಿಗೆ ಇಷ್ಟು ದೊಡ್ಡ ದಂಡವೇ ಎನಿಸುತ್ತದೆ. ಹೆಸರನ್ನು ಆಜ್ಞೆಯೊಳಗೆ ಹೊಲಿಯದೆ, ಯೂನಿಕೋಡ್ ಎಂದು ಗುರುತಿಸಿದ ಬೇರೆ ಲಕೋಟೆಯಲ್ಲಿಟ್ಟು ಕಳುಹಿಸುವ ಕ್ರಮವನ್ನು ಬಲ್ಲ ತಂತ್ರಜ್ಞರು ಅನುಸರಿಸುತ್ತಾರೆ. ಅವರಿಗೆ ಈ ಮರೆವಿನ ಭಯವಿಲ್ಲ.

ಸುಳ್ಳಿನಿಂದ ಉಳಿದ ಕನ್ನಡ

ಅದೇ ಲ್ಯಾಟಿನ್ ಕಪಾಟು ಎಂದಿಟ್ಟುಕೊಂಡು, ಈ ಬಾರಿ ತಂತ್ರಾಂಶ ದಾರಿಯಲ್ಲಿ ಸುಳ್ಳಾಡಿತೆಂದು ಭಾವಿಸಬಹುದು. ಕಳುಹಿಸುತ್ತಿರುವುದು ಯುಟಿಎಫ್-೮, ಘೋಷಿಸಿದ್ದು ಲ್ಯಾಟಿನ್-೧. ಬೇಕೆಂದೇ ಆಡಿದ ಸುಳ್ಳಲ್ಲ. ಯಾರೂ ಏನೂ ಹೇಳದಿದ್ದರೆ ಅದೇ ಘೋಷಣೆ. ಕಪಾಟೂ ಲ್ಯಾಟಿನ್, ಸರಕೂ ಲ್ಯಾಟಿನ್ ಎಂದು ನಂಬಿದ ಡೇಟಾಬೇಸು ಏನನ್ನೂ ಬದಲಿಸದೆ ಬೈಟುಗಳನ್ನು ಹಾಗೆಯೇ ಒಳಗಿಡುತ್ತದೆ. ಮರಳಿ ಕೇಳಿದಾಗ ಹಾಗೆಯೇ ಕೊಡುತ್ತದೆ. ತಂತ್ರಾಂಶ ಅದನ್ನು ಕನ್ನಡವೆಂದು ಓದುತ್ತದೆ. ರಸೀದಿಯಲ್ಲಿ ‘ತಿಮ್ಮೇಗೌಡ’ ಎಂದು ಅಂದವಾಗಿ ಮೂಡುತ್ತದೆ. ನಿಜ ಹೇಳಿದವನ ಕನ್ನಡ ಅಳಿಯಿತು. ಸುಳ್ಳಾಡಿದವನ ಕನ್ನಡ ಉಳಿಯಿತು! ಧರ್ಮಶಾಸ್ತ್ರಕ್ಕೆ ಒಗ್ಗದ ಮಾತಾದರೂ ಗಣಕದ ಲೋಕದಲ್ಲಿ ಇದು ಅಕ್ಷರಶಃ ಸತ್ಯ.

ಈ ನೆಮ್ಮದಿ ಹೊಸ ತಂತ್ರಾಂಶ ಬರುವವರೆಗೆ ಮಾತ್ರ. ಹೊಸ ತಂತ್ರಾಂಶ ದಾರಿಯಲ್ಲಿ ನಿಜ ನುಡಿಯುತ್ತದೆ. ಡೇಟಾಬೇಸು ‘ಒಳಗಿರುವುದು ಲ್ಯಾಟಿನ್, ಕೇಳುತ್ತಿರುವುದು ಯುಟಿಎಫ್-೮’ ಎಂದು ಲೆಕ್ಕಹಾಕಿ ಶ್ರದ್ಧೆಯಿಂದ ಪರಿವರ್ತಿಸಿ ಕೊಡುತ್ತದೆ. ‘ಕ’ ಎಂಬುದರ ಮೂರು ಬೈಟುಗಳು ಮೂರು ಬೇರೆ ಅಕ್ಷರಗಳಾಗಿ, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಮೇಲಕ್ಕೆ ಏರಿಸಿದ ಪುಟ್ಟ ಎರಡು, ಒಂದು ದಪ್ಪ ಚುಕ್ಕೆ ಎಂದು ತೆರೆಯ ಮೇಲೆ ಬೀಳುತ್ತವೆ. ಸಾವಿರಾರು ಹೆಸರುಗಳು ಒಂದೇ ಬೆಳಗಿನಲ್ಲಿ ಹುಚ್ಚು ಹಿಡಿದಂತೆ ಕಾಣುತ್ತವೆ. ಜಪಾನೀಯರು ಇಂತಹ ಗೊಂದಲಕ್ಕೆ ‘ಮೊಜಿಬಾಕೆ’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಅಕ್ಷರಗಳ ರೂಪಾಂತರ ಎಂದು ಅದರ ಭಾವ.

ಹಾಗೆ ಕಂಡಾಗ ಎದೆಗೆಡಬೇಕಾಗಿಲ್ಲ. ಪರದೇಶದ ಗೆಳೆಯನೊಬ್ಬ ಮಿಂಚಂಚೆಯಲ್ಲಿ ಬಂದ ರಷ್ಯದ ವಿಳಾಸವೊಂದು ಹೀಗೆಯೇ ಕುಲಗೆಟ್ಟು ಕಾಣಿಸಿದರೂ, ಅದೇ ರಷ್ಯನ್ ಲಿಪಿಯೆಂದು ನಂಬಿ, ಓರೆಗೆರೆಗಳ ಸಮೇತ ಆ ಗೊಂದಲವನ್ನು ಕಟ್ಟಿನ ಮೇಲೆ ಕೈಯಾರೆ ಬರೆದು ಅಂಚೆಗೆ ಹಾಕಿದನೆಂಬ ಪ್ರಸಂಗ ಪ್ರಸಿದ್ಧವಾಗಿದೆ. ರಷ್ಯದ ಅಂಚೆಯವರು ಯಾವ ಪದ್ಧತಿ ಯಾವುದಾಗಿ ಕೆಟ್ಟಿದೆಯೆಂದು ಊಹಿಸಿ, ಒಂದೊಂದು ಅಕ್ಷರದ ಮೇಲೂ ನಿಜವಾದ ಅಕ್ಷರವನ್ನು ಬರೆದು, ಕಟ್ಟನ್ನು ಸರಿಯಾದ ಮನೆಗೆ ತಲುಪಿಸಿದರು. ಮೊಜಿಬಾಕೆಯಲ್ಲಿ ಒಂದು ಅಕ್ಷರ ಇನ್ನೊಂದರ ವೇಷ ಹಾಕಿರುತ್ತದೆ, ಅಷ್ಟೆ; ವೇಷ ಕಳಚಬಹುದು. ಪ್ರಶ್ನೆಚಿಹ್ನೆಯಲ್ಲಿ ವೇಷದ ಹಿಂದೆ ಯಾರೂ ಇಲ್ಲ. ಆ ಕಟ್ಟಿನ ಮೇಲೆ ಬರಿಯ ಪ್ರಶ್ನೆಚಿಹ್ನೆಗಳೇ ಇದ್ದಿದ್ದರೆ ಯಾವ ಅಂಚೆಯವನೂ ಏನೂ ಮಾಡುವಂತಿರಲಿಲ್ಲ.

ವೇಷ ಕಳಚುವ ಕ್ರಮವೂ ಉಂಟು. ಕಪಾಟಿನ ಮೇಲಿನ ‘ಲ್ಯಾಟಿನ್’ ಎಂಬ ಚೀಟಿಯನ್ನು ಮೊದಲು ಕಿತ್ತು, ‘ಇವು ಬರಿಯ ಬೈಟುಗಳು, ಯಾವ ಭಾಷೆಯವೂ ಅಲ್ಲ’ ಎಂದು ಘೋಷಿಸಬೇಕು. ಅನಂತರ ‘ಇವು ಯುಟಿಎಫ್-೮’ ಎಂಬ ಚೀಟಿಯನ್ನು ಅಂಟಿಸಬೇಕು. ನಡುವಣ ಹೆಜ್ಜೆಯನ್ನು ಹಾರಿ, ನೇರವಾಗಿ ಲ್ಯಾಟಿನ್ನಿನಿಂದ ಯುಟಿಎಫ್-೮ಕ್ಕೆ ಪರಿವರ್ತಿಸೆಂದು ಅವಸರದ ಪಂಡಿತನೊಬ್ಬ ಆಜ್ಞೆಯಿತ್ತರೆ ವೇಷದ ಮೇಲೊಂದು ವೇಷ ಏರುತ್ತದೆ. ಇದನ್ನು ಹೊರಗಿನ ತಂತ್ರಾಂಶದಿಂದ ಮಾಡಹೊರಟವರಿಗೆ ಇನ್ನೊಂದು ಗುಂಡಿ ಕಾದಿದೆ. ಲ್ಯಾಟಿನ್-೧ ಎಂದು ಬಳಕೆಯಲ್ಲಿ ಕರೆಯುವುದು ಬಹುಮಟ್ಟಿಗೆ ವಿಂಡೋಸಿನ ೧೨೫೨ ಎಂಬ ಪಟ್ಟಿ. ಅದರಲ್ಲಿ ೧೨೯, ೧೪೧, ೧೪೩, ೧೪೪, ೧೫೭ ಎಂಬ ಐದು ಸ್ಥಾನಗಳು ಖಾಲಿ. ಕನ್ನಡದ ಉಕಾರದ ಕೊಂಬಿನ ಕೊನೆಯ ಬೈಟು ೧೨೯. ವ್ಯಂಜನದಿಂದ ಅಕಾರವನ್ನು ತೆಗೆಯುವ, ಒತ್ತಕ್ಷರಗಳನ್ನು ಕಟ್ಟುವ ವಿರಾಮಚಿಹ್ನೆಯ ಕೊನೆಯ ಬೈಟು ೧೪೧. ಉಳಿದ ಮೂರು ‘ಏ’, ‘ಐ’, ‘ಝ’ಗಳ ಪಾಲು. ಮೈಎಸ್‌ಕ್ಯೂಎಲ್ ಈ ಖಾಲಿ ಸ್ಥಾನಗಳನ್ನು ಮುಟ್ಟದೆ ದಾಟಿಸುತ್ತದೆ; ಬೇರೆ ಕೆಲವು ತಂತ್ರಾಂಶಗಳು ಅವುಗಳನ್ನು ಕಸವೆಂದು ಎಸೆದುಬಿಡುತ್ತವೆ. ಉಕಾರವಿಲ್ಲದ, ಒತ್ತಕ್ಷರವಿಲ್ಲದ ಕನ್ನಡವನ್ನು ಊಹಿಸಲಾದೀತೆ? ತಿಮ್ಮೇಗೌಡರ ‘ಮ್ಮೇ’ ನಡುವೆ ಸೀಳಿ, ಅತ್ತ ಒಂದು ‘ಮ’, ಇತ್ತ ಒಂದು ‘ಮೇ’, ನಡುವೆ ಒಂದು ತೂತು ಉಳಿಯುತ್ತದೆ. ಆದುದರಿಂದ ಬಲ್ಲವರು ಮೊದಲು ಇಡೀ ಉಗ್ರಾಣದ ಪ್ರತಿಯೊಂದನ್ನು ತೆಗೆದಿಟ್ಟು, ಅದರ ಮೇಲೆಯೇ ಚಿಕಿತ್ಸೆಯ ಪ್ರಯೋಗ ಮಾಡುತ್ತಾರೆ.

ನಮಸ್ಕಾರ ನುಂಗಿದ ಅರ್ಜಿ

ಯುಟಿಎಫ್-೮ ಎಂದು ಹೆಸರಿಟ್ಟದ್ದೆಲ್ಲ ಯುಟಿಎಫ್-೮ ಅಲ್ಲ. ೨೦೦೪ರಲ್ಲಿ ಬಳಕೆಗೆ ಸಿದ್ಧವಾದ ೪.೧ ಆವೃತ್ತಿಯಲ್ಲಿ ಮೈಎಸ್‌ಕ್ಯೂಎಲ್ ‘ಯುಟಿಎಫ್೮’ ಎಂಬ ಕಪಾಟನ್ನೇನೋ ಕೊಟ್ಟಿತು. ಆದರೆ ಒಂದು ಅಕ್ಷರಕ್ಕೆ ಮೂರು ಬೈಟುಗಳಿಗಿಂತ ಹೆಚ್ಚು ಅದರಲ್ಲಿ ಹಿಡಿಯುತ್ತಿರಲಿಲ್ಲ. ಕನ್ನಡಕ್ಕೆ ಮೂರೇ ಸಾಕಾದ್ದರಿಂದ ಕನ್ನಡಿಗರಿಗೆ ತೊಂದರೆಯೇನೂ ತೋರಲಿಲ್ಲ. ೨೦೧೦ರಲ್ಲಿ ಯೂನಿಕೋಡ್ ತನ್ನ ೬.೦ ಆವೃತ್ತಿಯಲ್ಲಿ ನಗುಮುಖ, ಅಳುಮುಖ, ಕೈಜೋಡಿಸಿದ ಚಿತ್ರ ಮೊದಲಾದ ನೂರಾರು ಎಮೋಜಿಗಳಿಗೆ ಸಂಖ್ಯೆ ಕೊಟ್ಟಿತು. ಅವುಗಳಲ್ಲಿ ಬಹುಪಾಲು ನಾಲ್ಕು ಬೈಟುಗಳವು.

ಗೌಡರ ಮೊಮ್ಮಗ ಅಜ್ಜನ ಪರವಾಗಿ ದೂರವಾಣಿಯಲ್ಲಿಯೇ ಒಂದು ಅರ್ಜಿ ಬರೆದನೆಂದುಕೊಳ್ಳಬಹುದು. ‘ಮಾನ್ಯರೇ, ನಮಸ್ಕಾರ’ ಎಂದು ಬರೆದು, ವಿನಯದಿಂದ ಕೈಜೋಡಿಸಿದ ಚಿತ್ರವೊಂದನ್ನಿಟ್ಟು, ಅನಂತರ ಸಾಲದ ವಿವರ, ಹೆಸರು ಕಾಣೆಯಾದ ವೃತ್ತಾಂತ, ಪರಿಹಾರದ ಕೋರಿಕೆ ಎಲ್ಲವನ್ನೂ ಬರೆದು ಕಳುಹಿಸುತ್ತಾನೆ. ಆ ಮೂರು ಬೈಟುಗಳ ಕಪಾಟು ಕಟ್ಟುನಿಟ್ಟಿನ ಕ್ರಮದಲ್ಲಿಲ್ಲದಿದ್ದರೆ, ಚಿತ್ರವನ್ನು ಮುಟ್ಟಿದೊಡನೆ ಕತ್ತರಿ ಹಾಕುತ್ತದೆ. ಚಿತ್ರಕ್ಕೆ ಮಾತ್ರವಲ್ಲ, ಅದರ ಮುಂದಿರುವ ಎಲ್ಲಕ್ಕೂ. ಕಚೇರಿಯಲ್ಲಿ ಅರ್ಜಿ ತೆರೆದವರಿಗೆ ಕಾಣುವುದು ‘ಮಾನ್ಯರೇ, ನಮಸ್ಕಾರ’ ಎಂಬುದಷ್ಟೇ. ನಮಸ್ಕಾರಕ್ಕೆ ಪ್ರತಿನಮಸ್ಕಾರ ಹೇಳಿ ಅವರು ಕಡತ ಮುಚ್ಚಿದರೆ ತಪ್ಪು ಯಾರದು?

ನಾಲ್ಕು ಬೈಟುಗಳನ್ನೂ ಹಿಡಿಯುವ ನಿಜವಾದ ಕಪಾಟು ೨೦೧೦ರಲ್ಲಿಯೇ ೫.೫ರ ಸಾಲಿನಲ್ಲಿ ಬಂದಿತು. ಹಳೆಯ ಹೆಸರನ್ನು ಆಗಲೇ ಬೇರೊಂದಕ್ಕೆ ಕೊಟ್ಟುಬಿಟ್ಟಿದ್ದರಿಂದ ಇದಕ್ಕೆ ‘ಯುಟಿಎಫ್೮ಎಂಬಿ೪’ ಎಂಬ ನಾಲಗೆಗೆ ತೊಡರುವ ಹೆಸರಿಡಬೇಕಾಯಿತು. ಕಪಾಟಿನ ಜೊತೆಗೆ ದಾರಿಯ ಘೋಷಣೆಯಲ್ಲಿಯೂ ಇದೇ ಹೆಸರನ್ನು ಹೇಳಬೇಕು. ಒಂದು ಕಡೆ ಹೇಳಿ ಇನ್ನೊಂದು ಕಡೆ ಮರೆತರೆ ಫಲವಿಲ್ಲ.

ನಾಲ್ಕೋ, ಒಂಬತ್ತೋ, ಇಪ್ಪತ್ತೇಳೋ?

‘ತಿಮ್ಮೇಗೌಡ’ ಎಂಬುದರಲ್ಲಿ ಅಕ್ಷರಗಳೆಷ್ಟು? ಪ್ರಾಥಮಿಕ ಶಾಲೆಯ ಹುಡುಗ ನಾಲ್ಕು ಎನ್ನುತ್ತಾನೆ: ತಿ, ಮ್ಮೇ, ಗೌ, ಡ. ಛಂದಸ್ಸು ಓದಿದವನೂ ನಾಲ್ಕೇ ಎನ್ನುವನು. ಯೂನಿಕೋಡಿನ ಲೆಕ್ಕ ಬೇರೆ. ಅದು ವ್ಯಂಜನ, ಸ್ವರಚಿಹ್ನೆ, ವಿರಾಮಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ; ಒಟ್ಟು ಒಂಬತ್ತು. ರಸೀದಿಯ ಒಂಬತ್ತು ಪ್ರಶ್ನೆಚಿಹ್ನೆಗಳ ರಹಸ್ಯ ಇದೇ. ಯುಟಿಎಫ್-೮ರ ಬೈಟುಗಳಲ್ಲಿ ಎಣಿಸಿದರೆ ಇಪ್ಪತ್ತೇಳು.

ಕಪಾಟಿನ ಅಗಲವನ್ನು ಯಾವ ಅಳತೆಯಲ್ಲಿ ಹೇಳಿದೆಯೆಂಬುದು ಇಲ್ಲಿ ಮುಖ್ಯವಾಗುತ್ತದೆ. ಮೈಎಸ್‌ಕ್ಯೂಎಲ್ಲಿನಲ್ಲಿ ೨೦ ಎಂದರೆ ಇಪ್ಪತ್ತು ಯೂನಿಕೋಡ್ ಸಂಖ್ಯೆಗಳು. ಒರಾಕಲ್ ಡೇಟಾಬೇಸಿನಲ್ಲಿ ಬೇರೇನನ್ನೂ ಹೇಳದಿದ್ದರೆ ೨೦ ಎಂದರೆ ಇಪ್ಪತ್ತು ಬೈಟುಗಳು. ಗೌಡರು ಅದರಲ್ಲಿ ಹಿಡಿಯುವುದಿಲ್ಲ. ಒರಾಕಲ್ ನೇರವಾಗಿ ನಿರಾಕರಿಸುತ್ತದೆ. ಅದು ಮರ್ಯಾದೆಯ ನಡವಳಿಕೆ. ನಡುವಿನ ತಂತ್ರಾಂಶಗಳು ಕೆಲವೊಮ್ಮೆ ಜಾಣತನ ತೋರಿ, ಹಿಡಿಯುವಷ್ಟಕ್ಕೆ ಕತ್ತರಿಸಿ ಕಳುಹಿಸುತ್ತವೆ. ಇಪ್ಪತ್ತು ಬೈಟುಗಳಲ್ಲಿ ಪೂರ್ಣವಾಗಿ ಹಿಡಿಯುವುದು ಆರು ಸಂಖ್ಯೆಗಳು, ಉಳಿಯುವುದು ‘ತಿಮ್ಮೇ’. ಗೌಡಿಕೆ ಹೋಯಿತು! ಇಂಗ್ಲಿಷಿನ ಅಳತೆಯಲ್ಲಿ ಹೊಲಿದ ಅಂಗಿಯನ್ನು ತೊಡಿಸಹೋದರೆ ಹೀಗಾಗದೆ ಇರದು.

ಇನ್ನೂ ನವಿರಾದ ತೊಡಕೊಂದಿದೆ. ಹೆಸರಿನ ನಡುವಣ ಏತ್ವವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು. ೩೨೭೧ ಎಂಬ ಒಂದೇ ಸಂಖ್ಯೆಯಾಗಿ ಬರೆಯುವುದು ಒಂದು ಬಗೆ. ಎತ್ವದ ೩೨೭೦, ಅದರ ಹಿಂದೆ ದೀರ್ಘದ ೩೨೮೫ ಎಂದು ಬಿಡಿಸಿ ಬರೆಯುವುದು ಇನ್ನೊಂದು ಬಗೆ. ಕಣ್ಣಿಗೆ ಎರಡೂ ಒಂದೇ. ಹಳೆಯ ಫಾಂಟುಗಳಿಂದ ಪರಿವರ್ತಿಸಿದ ಬರಹಗಳಲ್ಲಿ ಬಿಡಿ ರೂಪ ನುಸುಳುವುದುಂಟು. ಯಂತ್ರವು ಸಂಖ್ಯೆಗಳನ್ನು ಮಾತ್ರ ಹೋಲಿಸಿದರೆ ಒಂಬತ್ತರ ತಿಮ್ಮೇಗೌಡರೂ ಹತ್ತರ ತಿಮ್ಮೇಗೌಡರೂ ಬೇರೆ ಬೇರೆ ಸದಸ್ಯರು. ಒಬ್ಬರ ಹೆಸರಿನಲ್ಲಿ ಸಾಲ, ಇನ್ನೊಬ್ಬರ ಹೆಸರಿನಲ್ಲಿ ಜಮೆ! ಇದನ್ನು ತಪ್ಪಿಸಲು, ಒಳಗೆ ಸೇರಿಸುವ ಮೊದಲೇ ಬಿಡಿ ರೂಪಗಳನ್ನೆಲ್ಲ ಕೂಡಿಸಿ ಒಂದೇ ರೂಪಕ್ಕೆ ತರುವ ವಿಧಾನವನ್ನು ಯೂನಿಕೋಡೇ ಹೇಳಿಕೊಟ್ಟಿದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು ೨೦೨೦ರ ೧೩ನೆಯ ಆವೃತ್ತಿಯಿಂದ ಈ ಕೆಲಸವನ್ನು ತಾನೇ ಮಾಡಬಲ್ಲುದು. ‘ರಾಜ್‌ಕುಮಾರ್’ ಎಂದು ಜಕಾರಕ್ಕೆ ಒತ್ತು ಬೀಳದಂತೆ ಬರೆಯುವಾಗ ನಡುವೆ ಕೂರುವ, ಕಣ್ಣಿಗೆ ಕಾಣದ ೮೨೦೪ ಎಂಬ ಸಂಖ್ಯೆಯ ಕಾಟ ಬೇರೆ ಇದೆ. ಕಾಣದವನನ್ನು ಹುಡುಕುವವರು ಯಾರು?

ಅಕಾರಾದಿಯ ವಿಷಯ ನಿಘಂಟು ನೋಡುವವರಿಗೆ ನೋವು ತರುವಂತಹುದು. ಯೂನಿಕೋಡಿನ ಭಾರತೀಯ ಓಣಿಗಳಿಗೆಲ್ಲ ಇಸ್ಕಿಯೇ ನಕ್ಷೆಯಾದ್ದರಿಂದ, ಕನ್ನಡದ ‘ಳ’ ತನ್ನ ಕಡೆಯ ಪೀಠವನ್ನು ಬಿಟ್ಟು ‘ಲ’ದ ಪಕ್ಕಕ್ಕೆ ಬಂದು ಕುಳಿತಿದೆ. ಬರಿಯ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ‘ಮಹಡಿ’ಗಿಂತ ‘ಮಳೆ’ ಮೊದಲು ಬರುತ್ತದೆ. ಸದಸ್ಯರ ಪಟ್ಟಿ ಕನ್ನಡದ ಕ್ರಮದಲ್ಲಿ ಬರಬೇಕಾದರೆ ಆ ಕ್ರಮವನ್ನು ಡೇಟಾಬೇಸಿಗೆ ಬೇರೆಯಾಗಿಯೇ ತಿಳಿಸಬೇಕು. ಹಳಗನ್ನಡದ ‘ೞ’ಕ್ಕಾದ ಅವಮಾನವಂತೂ ವಿಲಕ್ಷಣ. ೩೨೯೪ನೆಯ ಮನೆಯಲ್ಲಿ ಅದನ್ನು ಕೂರಿಸಿದವರು ಬಾಗಿಲ ಮೇಲೆ ಪ್ರಮಾದದಿಂದ ‘ಫ’ ಎಂಬ ಧ್ವನಿಯ ಹೆಸರು ಬರೆದರು. ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸತಕ್ಕದ್ದಲ್ಲವೆಂಬುದು ಯೂನಿಕೋಡಿನ ಕಟ್ಟಳೆ. ಆದಕಾರಣ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದುದು ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ. ಪುಣ್ಯಕ್ಕೆ ಸಂಖ್ಯೆ ಮಾತ್ರ ಅದರದೇ. ಉಗ್ರಾಣದೊಳಗೆ ಹೋಗುವುದು ಸಂಖ್ಯೆಯೇ ಹೊರತು ಬಾಗಿಲ ಮೇಲಿನ ಹೆಸರಲ್ಲ. ಪಂಪನ ಕಾವ್ಯವನ್ನು ಇಂದು ಯಾವ ಕೊರತೆಯೂ ಇಲ್ಲದೆ ಒಳಗಿಡಬಹುದು.

ಸಂಘದ ಕಿಟಕಿಯ ಬಳಿ ಗೌಡರು ಇನ್ನೂ ನಿಂತೇ ಇದ್ದಾರೆ. ಪೇಟೆಯಿಂದ ಬಂದ ತಂತ್ರಜ್ಞ ಕಪಾಟನ್ನೂ ದಾರಿಯನ್ನೂ ತಿದ್ದಿ ಹೋಗಿದ್ದಾನೆ. ಇಂದಿನಿಂದ ಸೇರಿಸುವ ಹೆಸರುಗಳು ಸರಿಯಾಗಿಯೇ ಇರುತ್ತವೆ. ಈಗಾಗಲೇ ಬಿದ್ದಿರುವ ಒಂಬತ್ತು ೬೩ಗಳು ತಿಮ್ಮೇಗೌಡರದೋ, ಅಷ್ಟೇ ಉದ್ದದ ಹೆಸರಿನ ಇನ್ನೊಬ್ಬರದೋ ಎಂದು ಹೇಳಬಲ್ಲ ವಿದ್ಯೆ ಅವನಲ್ಲಿಲ್ಲ, ಯಾರಲ್ಲಿಯೂ ಇಲ್ಲ. ಗುಮಾಸ್ತ ಏಣಿ ಹಾಕಿ ಅಟ್ಟದ ಮೇಲಿಂದ ಕೆಂಪು ಬಟ್ಟೆಯ ಗಂಟೊಂದನ್ನು ಇಳಿಸುತ್ತಾನೆ. ಧೂಳು ಕೊಡವಿ ಬಿಚ್ಚಿದರೆ ಹಳೆಯ ಸದಸ್ಯತ್ವದ ಪುಸ್ತಕ. ಅಂಚು ಇಲಿ ಕಡಿದಿದೆ. ಮಸಿ ಕಂದು ತಿರುಗಿದೆ. ಸದಸ್ಯರ ಸಂಖ್ಯೆಯನ್ನು ಹಿಡಿದು ಬೆರಳನ್ನು ಕೆಳಗೆ ಸರಿಸುತ್ತ ಹೋದರೆ, ಎಂದೋ ಯಾರೋ ದುಂಡಗೆ ಬರೆದ ಗೌಡರ ಹೆಸರು ಸಿಗುತ್ತದೆ. ಗುಮಾಸ್ತ ಅದನ್ನು ನೋಡಿ ಒಂದೊಂದೇ ಕೀಲಿಯನ್ನು ಒತ್ತುತ್ತಾನೆ. ಗೌಡರು ಕಿಟಕಿಯ ಸರಳಿಗೆ ಹಣೆ ಹಚ್ಚಿ ತೆರೆಯನ್ನೇ ನೋಡುತ್ತಾರೆ.

“ಮೇಗೆ ದೀರ್ಘ ಹಾಕಪ್ಪ” ಎನ್ನುತ್ತಾರೆ.